ಉಳುಮೆಯ ಋಣ

ಕಾನೂನು ಒಪ್ಪದ ಕರಾರಿನ ನಡುವೆ ಮಾಡಿದ ಕೆಲಸಕ್ಕೆ ಹಣ ಕೊಡಬೇಕೇ? ದಾವಣಗೆರೆ, ಹರಿಹರದ ಭದ್ರಾ ನಾಲೆಯ ಬಯಲಿನಲ್ಲಿ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಗದ್ದೆಗಳು ಬಾಯಿಮಾತಿನ ಮೇಲೆಯೇ ಗುತ್ತಿಗೆಗೋ ಕೋರಿಗೋ ಹೋಗುವುದು ಇಲ್ಲಿ ಹೊಸತಲ್ಲ.

ಒಂದು ಸಂದರ್ಭ ಊಹಿಸಿಕೊಳ್ಳೋಣ. ಜಮೀನಿನ ಒಡೆಯ ದಾವಣಗೆರೆಯಲ್ಲಿದ್ದಾನೆ. ಹರಿಹರದ ಕಡೆಯ ರೈತನೊಬ್ಬ ಅವನ ಎರಡು ಎಕರೆ ಗದ್ದೆಯನ್ನು ಗುತ್ತಿಗೆಗೆ ಮಾಡುತ್ತಾನೆ. ಒಡೆಯ ತಾನೇ ಇಟ್ಟುಕೊಂಡ ಹೊಲವನ್ನೂ ಟ್ರ್ಯಾಕ್ಟರಿನಲ್ಲಿ ಉತ್ತು, ಮಟ್ಟ ಮಾಡಿಕೊಡುತ್ತಾನೆ. ಆ ಬಾಡಿಗೆಯನ್ನು ಗುತ್ತಿಗೆ ಹಣದಲ್ಲಿ ಮುರಿದುಕೊಳ್ಳುವುದೆಂದು ಮಾತು. ಎರಡು ವರ್ಷದ ಮೇಲೆ ಒಡೆಯ ಪೂರ್ತಿ ಗುತ್ತಿಗೆ ಕೇಳುತ್ತಾನೆ. ಉಳುಮೆಯ ಲೆಕ್ಕ ತೆಗೆದರೆ, 'ಬರೆದುಕೊಟ್ಟಿದ್ದೇನೆಯೇ?' ಎನ್ನುತ್ತಾನೆ.

ಬರೆದುಕೊಡದಿರುವುದಕ್ಕೆ ಕಾರಣವಿದೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಗೇಣಿ ಅಳೆಯುವ ದೊಡ್ಡ ಕೊಳಗದ ವಿರುದ್ಧ ಎದ್ದಿದ್ದರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಯನ್ನು ತಿದ್ದಿ, ಉಳುವವನು ಒಡೆಯನಾಗಲು ದಾರಿ ಮಾಡಿತು. ಕೆಲವು ವಿನಾಯಿತಿಗಳನ್ನು ಬಿಟ್ಟು ಹೊಸ ಗೇಣಿಯನ್ನು ನಿಷೇಧಿಸಿತು. ಗೇಣಿ ನಿಲ್ಲಲಿಲ್ಲ, ಕಾಗದದಿಂದ ಬಾಯಿಗೆ ಇಳಿಯಿತು. ಉಳುವವನನ್ನು ಕಾಯಲು ಬಂದ ನಿಷೇಧವೇ ಇಂದು ಅವನ ಕೈಯಲ್ಲಿ ಪುರಾವೆಯಿಲ್ಲದಂತೆ ಮಾಡಿದೆ.

ಬಾಯಿಮಾತಿನ ಗೇಣಿಗೆಲ್ಲ ನ್ಯಾಯಾಲಯ ಬೆಂಬಲ ಕೊಟ್ಟರೆ ಹಳೆಯ ಜಮೀನ್ದಾರಿಕೆ ಹಿಂಬಾಗಿಲಿನಿಂದ ಬರುವುದಿಲ್ಲವೇ ಎಂದು ಕೇಳಬಹುದು. ಭೂಮಿಯ ಮೇಲಿನ ಹಕ್ಕಿನ ಮಟ್ಟಿಗೆ ಈ ಆತಂಕ ಸರಿ. ಆದರೆ ಗೇಣಿ ಬೇರೆ, ಉಳುಮೆ ಬೇರೆ. 1872ರ ಕರಾರು ಕಾಯ್ದೆಯ 23ನೆಯ ಕಲಂ ಕಾನೂನುಬಾಹಿರ ಉದ್ದೇಶದ ಒಪ್ಪಂದವನ್ನು ಶೂನ್ಯವೆನ್ನುತ್ತದೆ. ಅದೇ ಕಾಯ್ದೆಯ 70ನೆಯ ಕಲಂ, ಪುಕ್ಕಟೆಯಲ್ಲದೆ ನ್ಯಾಯವಾಗಿ ಮಾಡಿದ ಕೆಲಸದ ಲಾಭ ಪಡೆದವನು ಪರಿಹಾರ ಕೊಡಬೇಕೆನ್ನುತ್ತದೆ. ಗೇಣಿ ಕೊಡುವುದು ಅಕ್ರಮವಿರಬಹುದು, ಇನ್ನೊಬ್ಬನ ಹೊಲ ಉತ್ತುಕೊಡುವುದು ಅಕ್ರಮವಲ್ಲ.

ಈ ಮಾತು ರೈತನಿಗೂ ಅನ್ವಯಿಸುತ್ತದೆ. ಎರಡು ಬೆಳೆ ಮನೆಗೆ ಒಯ್ದು, ಕರಾರೇ ಶೂನ್ಯವಾದ್ದರಿಂದ ನಾನೇನೂ ಕೊಡಬೇಕಿಲ್ಲ ಎಂದರೆ ಅವನೂ ಕಾನೂನಿನ ಮರೆಯಲ್ಲಿ ಅಡಗಿದಂತೆಯೇ. ಆದರೂ ಇಬ್ಬರ ಸ್ಥಿತಿ ಸಮನಲ್ಲ. ಒಡೆಯ ಭೂಮಿಯನ್ನು ಹಿಂದಕ್ಕೆ ಪಡೆಯಬಲ್ಲ; ಉತ್ತವನು ಉಳುಮೆಯನ್ನಾಗಲಿ ಸುಟ್ಟ ಡೀಸೆಲನ್ನಾಗಲಿ ಹಿಂದಕ್ಕೆ ಪಡೆಯಲಾರ.

1963ರ ಕಾಲಮಿತಿ ಕಾಯ್ದೆಯಂತೆ ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ. ಆದರೆ ಅವಧಿ ಮೀರಿದ ಸಾಲವನ್ನೂ ತೀರಿಸುತ್ತೇನೆಂದು ಸಾಲಗಾರ ಬರೆದು ಸಹಿ ಹಾಕಿದರೆ ಆ ಮಾತು ಊರ್ಜಿತ ಎಂದು ಕರಾರು ಕಾಯ್ದೆಯೇ ಹೇಳುತ್ತದೆ. ಅಂದರೆ ಮುಚ್ಚುವುದು ನ್ಯಾಯಾಲಯದ ಬಾಗಿಲು, ತೀರುವುದು ಋಣವಲ್ಲ. ಗೆಲ್ಲಬಹುದಾದ ದಾವೆ, ಕೊಡಬೇಕಾದ ಬಾಕಿ, ಇವೆರಡೂ ಒಂದೇ ಎಂದು ನಂಬಿದ ಊರಿನಲ್ಲಿ ಬಾಯಿಮಾತಿಗೆ ಯಾರೂ ಟ್ರ್ಯಾಕ್ಟರು ಇಳಿಸುವುದಿಲ್ಲ.