ಮುಳುಗಿದ ಊರಿನ ಋಣ

ಮುತ್ತಜ್ಜನ ಊರು ಯಾವುದೆಂದು ಕೇಳಿದರೆ ನಮ್ಮ ಕೊಪ್ಪಳ ಸೀಮೆಯ ಎಷ್ಟೋ ಮನೆತನದವರು ತುಂಗಭದ್ರೆಯ ಹಿನ್ನೀರಿನತ್ತ ಕೈ ತೋರಿಸುತ್ತಾರೆ. 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ಆ ಜಲಾಶಯದಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ಐವತ್ತು ಸಾವಿರಕ್ಕೂ ಮಿಕ್ಕಿದ ಜನ ಮನೆಮಾರು ಬಿಟ್ಟೆದ್ದರು. ಅಂಥ ಊರನ್ನು ಇಂದಿನ ನಕಾಶೆಯಲ್ಲಿ ಹುಡುಕುವುದಕ್ಕೆ ಅರ್ಥವುಂಟೆ? ಉಂಟಾದರೆ, ಹುಡುಕಬೇಕಾದವರು ಯಾರು?

ಕೆಲಸವೇನೋ ಸುಲಭವಲ್ಲ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಹೊಳೆಯೇ ಗಡಿಯಾಯಿತು. ಬಲದಂಡೆಯ ಲೆಕ್ಕಪತ್ರ ಮದ್ರಾಸಿಗೆ ಸೇರಿದರೆ ಎಡದಂಡೆಯದು ಹೈದರಾಬಾದಿಗೆ ಸೇರಿತು. ಹೆಸರುಗಳು ಒಂದು ಲಿಪಿಯಿಂದ ಇನ್ನೊಂದಕ್ಕೆ ಹೋಗುವಾಗ ರೂಪಗೆಟ್ಟವು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳಿದ ಕೊಪಣನಗರವೇ 1935ರಲ್ಲಿ ಹೈದರಾಬಾದಿನಿಂದ ಪ್ರಕಟವಾದ ಶಾಸನಸಂಪುಟದ ಹೆಸರಿನಲ್ಲಿ ‘ಕೊಪ್‌ಬಾಳ’ವಾಗಿದೆ. ಅಶೋಕನ ಶಾಸನವಿರುವ ಊರಿಗೇ ಈ ಪಾಡಾದರೆ ಇಪ್ಪತ್ತು ಮನೆಯ ಹಳ್ಳಿಯ ಗತಿಯೇನು?

ಆದುದರಿಂದ ಹೆಸರೊಂದನ್ನೇ ನೆಚ್ಚುವಂತಿಲ್ಲ. ಗುಡ್ಡ ಜರುಗುವುದಿಲ್ಲ, ಕೋಟೆಯೂ ಜರುಗುವುದಿಲ್ಲ. ಅವುಗಳಿಂದ ದಿಕ್ಕು, ದೂರ ಅಳೆದು, ಅಣೆಕಟ್ಟಿಗೆ ಮುಂಚಿನ ನಕಾಶೆಯನ್ನು ಇಂದಿನದರೊಡನೆ ಹೊಂದಿಸಿದರೆ ಸ್ಥಳ ಸಿಕ್ಕುತ್ತದೆ. ಆದರೆ ಬೆರಳು ನಿಲ್ಲುವುದು ನೀಲಿ ಬಣ್ಣದ ಮೇಲೆ.

ಸಿಕ್ಕಿದ್ದು ಸ್ಥಳವೇ ಹೊರತು ಊರಲ್ಲ. ಊರೆಂದರೆ ಬಾವಿ, ಅಗಸಿ, ಕಣ, ಗುಡಿ. ಊರೆಂದರೆ ಆ ಬಾವಿಯಲ್ಲಿ ಯಾರು ಕೊಡ ಇಳಿಸಬಹುದಿತ್ತು, ಯಾರು ದೂರ ನಿಲ್ಲಬೇಕಿತ್ತು ಎಂಬುದೂ ಹೌದು. ಪಟ್ಟಾ ಇದ್ದವನ ಹೆಸರು ದಫ್ತರದಲ್ಲಿ ಉಳಿಯುತ್ತದೆ. ಅದೇ ಹೊಲದಲ್ಲಿ ದುಡಿದವನದು ಉಳಿಯುವುದಿಲ್ಲ. ಮನೆತನದ ಹೆಮ್ಮೆಗಾಗಿ ಹುಡುಕುವವನಿಗೆ ಗೌಡರ ವಾಡೆ ಸಿಕ್ಕೀತು, ಊರ ಹೊರಗಿನ ಕೇರಿ ಸಿಕ್ಕಲಾರದು. ಅರ್ಧ ಊರನ್ನು ಕಂಡು ಪೂರ್ತಿ ಕಂಡೆನೆನ್ನುವುದು ಸತ್ಯಕ್ಕೆ ದೂರ.

ಇನ್ನೊಂದು ಮಾತು. ಎಡದಂಡೆಯ ಕಾಲುವೆಯ ನೀರಿನಿಂದ ಗಂಗಾವತಿಯ ಬಯಲು ಬತ್ತದ ಕಣಜವಾಯಿತು. ಆಂಧ್ರದಿಂದ ಬಂದ ರೈತರು ಕಾಲುವೆಯ ಮಗ್ಗುಲಲ್ಲಿ ‘ಕ್ಯಾಂಪ್’ ಕಟ್ಟಿಕೊಂಡರು. ಹಳೆಯ ನಕಾಶೆಯಲ್ಲಿ ಕ್ಯಾಂಪ್ ಇಲ್ಲ, ಹೊಸ ನಕಾಶೆಯಲ್ಲಿ ಮುಳುಗಿದ ಹಳ್ಳಿ ಇಲ್ಲ. ಒಂದನ್ನು ಅಳಿಸಿ ಮತ್ತೊಂದನ್ನು ಬರೆದದ್ದು ಒಂದೇ ನೀರು. ಹಾಗಿರಲು, ಊರು ಕಳೆದುಕೊಂಡವನ ಮೊಮ್ಮಗನೊಬ್ಬನೇ ಏಕೆ ಹುಡುಕಬೇಕು? ಆ ನೀರಿನ ಅನ್ನ ಉಂಡ ನಾವೆಲ್ಲರೂ ಹುಡುಕಬೇಡವೆ?

“ನಾವೇನು ತಪ್ಪು ಮಾಡಿದೆವು? ಬರದ ನಾಡಿಗೆ ನೀರು ಬಂದದ್ದು ಪುಣ್ಯವಲ್ಲವೆ?” ಎಂದು ಯಾರಾದರೂ ಕೇಳಬಹುದು. ನಿಜ, ಉಂಡವನು ಅಪರಾಧಿಯಲ್ಲ. ಆದರೆ ಋಣವೆಂಬುದು ಅಪರಾಧದಿಂದಲೇ ಹುಟ್ಟಬೇಕಾಗಿಲ್ಲ. ತಾಯಿಯ ಹಾಲು ಕುಡಿದದ್ದು ತಪ್ಪಲ್ಲ, ಆದರೂ ಅದು ಋಣವೇ. ತೀರಿಸಲಾರದ ಋಣವನ್ನು ಒಪ್ಪಿಕೊಳ್ಳುವುದಷ್ಟೇ ಮನುಷ್ಯನಿಗೆ ಸಾಧ್ಯ. ಒಪ್ಪಿಕೊಳ್ಳಬೇಕಾದರೆ ಯಾರಿಗೆ ಋಣಿ ಎಂಬುದಾದರೂ ಗೊತ್ತಿರಬೇಕು.

ಕಾಲ ಹೆಚ್ಚಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ನೀರು ಬತ್ತಿದಾಗ ಹಳೆಯ ಗೋಡೆ ಕಂಡೀತೆಂಬ ಆಸೆಯನ್ನೂ ಆ ಹೂಳು ಮುಚ್ಚುತ್ತಿದೆ. 1953ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತು ದಾಟಿದ್ದಾರೆ. ಯಾವ ಓಣಿ ಎಲ್ಲಿತ್ತು, ಯಾವ ಕೇರಿಯವರು ಯಾವ ಊರಿಗೆ ಹೋದರು ಎಂಬುದು ಅವರ ಬಾಯಲ್ಲಿದೆ. ಅದನ್ನು ಕೇಳಿ ಬರೆದು, ಎಲ್ಲ ಕೇರಿಗಳೂ ಇರುವ ಕನ್ನಡ ನಕಾಶೆಯೊಂದನ್ನು ಮಾಡಿ, ಹಿನ್ನೀರಿನ ದಂಡೆಯ ಶಾಲೆಗಳಲ್ಲಷ್ಟೇ ಅಲ್ಲ, ಕಾಲುವೆಯ ಕೆಳಗಿನ ಶಾಲೆಗಳಲ್ಲಿಯೂ ತೂಗುಹಾಕಬೇಕು. ಅನ್ನ ಎಲ್ಲಿಂದ ಬಂತೆಂದು ಮಗು ಕೇಳಿದಾಗ ಕಾಲುವೆಯನ್ನು ತೋರಿಸಿದರೆ ಸಾಲದು, ಆ ಊರುಗಳ ಹೆಸರನ್ನೂ ಹೇಳಬೇಕು.