ಮೊದಲು ಎದ್ದು ನಿಲ್ಲು, ಆಮೇಲೆ ಸಮಾನತೆ

‘ನಾವೆಲ್ಲ ಮನುಷ್ಯರೇ ಅಲ್ವಾ, ಹಳೇದೆಲ್ಲ ಮರೆತುಬಿಡಿ’ ಅಂತ ಹೇಳೋ ಹಕ್ಕು ಯಾರಿಗಿದೆ? ಹೊಡೆದವನಿಗೋ, ಹೊಡೆಸಿಕೊಂಡವನಿಗೋ? ಮಾತು ಒಂದೇ, ಬಾಯಿ ಬೇರೆ. ಬಾಯಿ ಬೇರೆಯಾದರೆ ಅರ್ಥವೂ ಬೇರೆಯಾಗುತ್ತದೆ. ಹೊಡೆದವನು ಹೇಳಿದರೆ ಅದು ಲೆಕ್ಕದ ಪುಸ್ತಕ ಮುಚ್ಚಿಡುವ ಉಪಾಯ. ಹೊಡೆಸಿಕೊಂಡವನು ಹೇಳಿದರೆ ಏನು? ಔದಾರ್ಯವೋ, ಶರಣಾಗತಿಯೋ, ಎರಡೂ ಅಲ್ಲದ ಇನ್ನೊಂದೋ? ಈ ಪ್ರಶ್ನೆಯನ್ನು ನಾವು ಅಮೆರಿಕದ ಕರಿಯರ ಒಂದು ಗ್ರಾಮಫೋನ್ ತಟ್ಟೆಯ ಎದುರು ಇಟ್ಟು ನೋಡೋಣ.

1969ರ ಮೇ ತಿಂಗಳಲ್ಲಿ ಹೊರಬಂದ ಆ ತಟ್ಟೆಯ ಹೆಸರು ‘ಸ್ಟ್ಯಾಂಡ್!’. ಅಂದರೆ ಎದ್ದು ನಿಲ್ಲು. ಹಾಡಿದವರು ಸ್ಯಾನ್ ಫ್ರಾನ್ಸಿಸ್ಕೊದ ‘ಸ್ಲೈ ಅಂಡ್ ದಿ ಫ್ಯಾಮಿಲಿ ಸ್ಟೋನ್’ ತಂಡದವರು. ಇದು ಅವರ ನಾಲ್ಕನೆಯ ತಟ್ಟೆ. 1967ರ ಮೊದಲನೆಯದನ್ನು ಕೇಳಿದವರೇ ಕಡಿಮೆ. ಈ ನಾಲ್ಕನೆಯದು ಆ ವರ್ಷವೇ ಐದು ಲಕ್ಷ ಪ್ರತಿ ಮಾರಾಟವಾಯಿತು, 1986ರ ಹೊತ್ತಿಗೆ ಹತ್ತು ಲಕ್ಷ ದಾಟಿತು. ಹಾಡುಗಳನ್ನು ಕಟ್ಟಿದ ಸ್ಲೈ ಸ್ಟೋನ್ ಟೆಕ್ಸಾಸಿನಲ್ಲಿ 1943ರಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಕರಿಯ ಹುಡುಗ. ಅಣ್ಣತಮ್ಮ, ಅಕ್ಕತಂಗಿಯರ ಜೊತೆ ಚರ್ಚಿನಲ್ಲಿ ಹಾಡಿ ಗಂಟಲು ಪಳಗಿಸಿಕೊಂಡವನು. ಆ ಚರ್ಚಿನ ಹಾಡು ಬೀದಿಗಿಳಿದು ಮನುಷ್ಯರ ಪ್ರೀತಿ, ಸಂಕಟಗಳನ್ನು ಹಾಡಿದರೆ ಅದು ಸೋಲ್. ರಾಗವನ್ನು ಹಿಂದಕ್ಕೆ ಸರಿಸಿ ಒಂದೊಂದು ವಾದ್ಯವೂ ತಮಟೆಯ ಹಾಗೆ ತಾಳ ಹಿಡಿದರೆ ಅದು ಫಂಕ್. ಈ ತಟ್ಟೆಯಲ್ಲಿ ಎರಡೂ ಇವೆ.

ಆ ಕಾಲ ಎಂಥದು ನೋಡಿ. ಕರಿಯರೂ ಬಿಳಿಯರೂ ಮದುವೆಯಾಗಬಾರದೆಂಬ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟು ಹೊಡೆದುಹಾಕಿದ್ದೇ 1967ರಲ್ಲಿ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು. ಊರೂರು ಹೊತ್ತಿ ಉರಿಯಿತು. ಅಂಥ ಹೊತ್ತಿನಲ್ಲಿ ಈ ಏಳು ಜನ ಒಂದೇ ವೇದಿಕೆ ಹತ್ತಿದರು. ಐವರು ಕರಿಯರು, ಇಬ್ಬರು ಬಿಳಿಯರು. ಏಳರಲ್ಲಿ ಇಬ್ಬರು ಹೆಂಗಸರು.

ಬರೀ ಮುಖಗಳ ಬಣ್ಣ ಎಣಿಸಿ ಸಮಾನತೆ ಅಂದುಬಿಟ್ಟರೆ ಅದು ಸರ್ಕಾರಿ ಕ್ಯಾಲೆಂಡರಿನ ಚಿತ್ರದಂಥ ಸಮಾನತೆ. ನಾವು ನೋಡಬೇಕಾದ್ದು ಕೆಲಸ ಹೇಗೆ ಹಂಚಿಕೆಯಾಯಿತು ಅನ್ನೋದನ್ನು. ಬಿಳಿಯರ ಗುಂಪಿನಲ್ಲಿ ಒಬ್ಬ ಕರಿಯನನ್ನು ಮೂಲೆಯಲ್ಲಿ ನಿಲ್ಲಿಸಿದ್ದಲ್ಲ ಇದು. ಇಲ್ಲಿ ಮುಂದಾಳು ಕರಿಯ. ಬಿಳಿಯ ಗ್ರೆಗ್ ಎರಿಕೊ ಡ್ರಮ್ಮಿನ ಹಿಂದೆ, ಬಿಳಿಯ ಜೆರ್ರಿ ಮಾರ್ಟಿನಿ ಸ್ಯಾಕ್ಸೋಫೋನು ಹಿಡಿದು ಪಕ್ಕದಲ್ಲಿ. ಗಂಡಸರ ವಾದ್ಯ ಅಂತ ಜಗತ್ತು ತೀರ್ಮಾನಿಸಿದ್ದ ಟ್ರಂಪೆಟ್ಟನ್ನು ಊದಿದವಳು ಸಿಂಥಿಯಾ ರಾಬಿನ್ಸನ್ ಅನ್ನೋ ಕರಿಯ ಹೆಣ್ಣುಮಗಳು. ಬೇಸ್ ಗಿಟಾರಿನ ಲ್ಯಾರಿ ಗ್ರಹಾಂ ಮೊದಲು ತಾಯಿಯ ಜೊತೆ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದವನು. ಜೊತೆಗೆ ಡ್ರಮ್ಮಿನವನು ಇರಲಿಲ್ಲ. ಆ ಕೊರತೆ ತುಂಬಲು ತಂತಿಯನ್ನು ಹೆಬ್ಬೆರಳಿಂದ ಬಡಿದು, ಬೆರಳಿಂದ ಕಿತ್ತು, ಗಿಟಾರನ್ನೇ ಡ್ರಮ್ಮು ಮಾಡಿಕೊಂಡ. ಇಲ್ಲದಿರುವಿಕೆಯಿಂದ ಹುಟ್ಟಿದ ಆ ವಿದ್ಯೆಯನ್ನು ಮುಂದೆ ಜಗತ್ತಿನ ಬೇಸ್ ವಾದಕರೆಲ್ಲ ಕಲಿತರು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಈ ತಟ್ಟೆಯಲ್ಲಿ ಎಂಟು ಹಾಡುಗಳಿವೆ. ಜಗತ್ತು ಬಾಯಿಪಾಠ ಮಾಡಿಕೊಂಡದ್ದು ಆರನೆಯದನ್ನು, ‘ಎವೆರಿಡೇ ಪೀಪಲ್’. ದಿನನಿತ್ಯದ ಮಂದಿ ನಾವು, ಬಣ್ಣದ ಹೆಸರಲ್ಲಿ ಒಬ್ಬರನ್ನೊಬ್ಬರು ದ್ವೇಷಿಸೋದು ಮೂರ್ಖತನ ಅನ್ನೋದು ಅದರ ತಿರುಳು. ತಟ್ಟೆಗೂ ಮೊದಲೇ, 1968ರ ನವೆಂಬರಿನಲ್ಲಿ, ಬಿಡಿ ಹಾಡಾಗಿ ಬಂದ ಅದು 1969ರ ಫೆಬ್ರವರಿ-ಮಾರ್ಚಿನಲ್ಲಿ ನಾಲ್ಕು ವಾರ ಅಮೆರಿಕದ ಹಾಡುಗಳ ಪಟ್ಟಿಯ ತುದಿಯಲ್ಲಿತ್ತು. 1990ರ ದಶಕದಲ್ಲಿ ಕಾರು ಮಾರುವ ಜಾಹೀರಾತಿಗೂ ಬಳಕೆಯಾಯಿತು. ಎಲ್ಲರಿಗೂ ಇಷ್ಟವಾಗುವ ಹಾಡು ಅದು. ಹೊಡೆದವನಿಗೂ ಇಷ್ಟ.

ಆದರೆ ಅದೇ ತಟ್ಟೆಯ ಎರಡನೆಯ ಹಾಡನ್ನು ಬಿಡಿಯಾಗಿ ಬಿಡುಗಡೆ ಮಾಡಲೇ ಇಲ್ಲ. ಅದರ ಹೆಸರಲ್ಲೇ ಎರಡು ಬೈಗುಳಗಳಿವೆ. ಬಿಳಿಯರು ಕರಿಯರಿಗೆ ಉಗಿಯುವ ಬೈಗುಳ ಒಂದು, ಕರಿಯರು ತಿರುಗಿ ಉಗಿಯುವುದು ಇನ್ನೊಂದು. ಹಾಗೆ ಕರೆಯಬೇಡ ನನ್ನ, ಅಂತ ಕರಿಯ ಹೇಳುತ್ತಾನೆ. ಮರುಸಾಲಿನಲ್ಲಿ ಬಿಳಿಯನೂ ಅದನ್ನೇ ತಿರುವಿ ಹೇಳುತ್ತಾನೆ. ಸುಮಾರು ಆರು ನಿಮಿಷ ಹೆಚ್ಚುಕಡಿಮೆ ಅಷ್ಟೇ.

ಇಲ್ಲಿ ನಮ್ಮೊಳಗಿನ ಹೋರಾಟಗಾರ ಎದ್ದು ಕೇಳುತ್ತಾನೆ: ಎರಡು ಬೈಗುಳಕ್ಕೂ ಒಂದೇ ತೂಕವೇನ್ರೀ? ನ್ಯಾಯವಾದ ಪ್ರಶ್ನೆ. ಒಂದು ಬೈಗುಳದ ಹಿಂದೆ 1619ರಿಂದ ವರ್ಜೀನಿಯಾದ ದಂಡೆಗೆ ಬಂದಿಳಿದ ಹಡಗುಗಳಿವೆ, 1865ರವರೆಗಿನ ಗುಲಾಮಗಿರಿಯಿದೆ, ಆಮೇಲೆ ಮರಕ್ಕೆ ನೇತುಹಾಕಿದ ಹೆಣಗಳಿವೆ. ಇನ್ನೊಂದರ ಹಿಂದೆ ಇರೋದು ಸಿಟ್ಟು ಮಾತ್ರ. ಒಂದು ಬೈಗುಳ ಮನುಷ್ಯನ ಮನೆ, ಕೂಲಿ, ಪ್ರಾಣ ಕಿತ್ತುಕೊಳ್ಳಬಲ್ಲದು. ಇನ್ನೊಂದು ಹೆಚ್ಚೆಂದರೆ ಮುಖ ಕೆಂಪಗೆ ಮಾಡಬಲ್ಲದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ತಕ್ಕಡಿಯೇ ಸುಳ್ಳು ಹೇಳಿದ ಹಾಗಾಗುತ್ತದೆ.

ಈ ಆಕ್ಷೇಪಣೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೂ ಹಾಡುಗಳ ಸರದಿಯನ್ನೊಮ್ಮೆ ಗಮನಿಸಿ ಅಂತೀವಿ. ಮೊದಲನೆಯ ಹಾಡು: ಎದ್ದು ನಿಲ್ಲು. ಎರಡನೆಯದು: ಹಾಗೆ ಕರೆಯಬೇಡ. ತಟ್ಟೆ ಮಗುಚಿ ಹಾಕಿದ ಮೇಲೆಯೇ ನಾವೆಲ್ಲ ದಿನನಿತ್ಯದ ಮಂದಿ ಅನ್ನೋ ಮಾತು ಬರುವುದು. ಬಗ್ಗಿದ ಬೆನ್ನಿನಿಂದ ಬಂದ ‘ನಾವೆಲ್ಲ ಒಂದೇ’ ಬೇಡಿಕೆಯ ದನಿ. ನಿಂತ ಕಾಲಿನಿಂದ ಬಂದ ಅದೇ ಮಾತು ಹಕ್ಕಿನ ದನಿ. ಬೈಗುಳದ ಹಾಡಿನಲ್ಲೂ ಮೊದಲ ಮಾತು ಕರಿಯನದು. ಬೇಡ ಅಂತ ಹೇಳುವ ಸರದಿ ಮೊದಲು ಅವನದು. ಆಮೇಲೆ ಎದುರಿನವನ ಮಾತಿಗೂ ಜಾಗ ಕೊಡುತ್ತಾನೆ. ಅದು ತಕ್ಕಡಿಯ ಸುಳ್ಳಲ್ಲ, ತಕ್ಕಡಿ ಹಿಡಿದ ಕೈ ಬದಲಾಗಿದೆ ಅನ್ನೋದರ ಗುರುತು. ಮೋಸ ಮಾಡಿದ್ದು ಹಾಡಲ್ಲ. ಆರನೆಯದನ್ನು ಕಿತ್ತುಕೊಂಡು, ಒಂದನೆಯದಕ್ಕೆ ಚಪ್ಪಾಳೆ ತಟ್ಟಿ, ಎರಡನೆಯದನ್ನು ತಟ್ಟೆಯೊಳಗೇ ಬಿಟ್ಟ ಮಾರುಕಟ್ಟೆ.

ಈ ನಿಲುವಿಗೆ ಬೆಲೆ ತೆರಬೇಕಾಯಿತು. 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷ (1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಹೆಸರು ತಗೊಂಡದ್ದು ಇವರಿಂದಲೇ) ಇಬ್ಬರು ಬಿಳಿಯರನ್ನು ತಂಡದಿಂದ ಹೊರಹಾಕು ಅಂತ ಒತ್ತಡ ತಂದಿತ್ತೆಂದು ಆ ಕಾಲದ ಚರಿತ್ರೆ ಬರೆದವರು ಹೇಳುತ್ತಾರೆ. ಪ್ಯಾಂಥರುಗಳ ಸಿಟ್ಟಿಗೆ ಕಾರಣವಿತ್ತು. ಪೊಲೀಸರ ಗುಂಡಿಗೆ ಅವರ ಹುಡುಗರು ಬೀಳುತ್ತಿದ್ದರು. ಆದರೆ ಯಜಮಾನ ಎಳೆದ ಬಣ್ಣದ ಗೆರೆಯನ್ನೇ ನಾವೂ ಎಳೆದರೆ, ಗೆರೆ ಅವನದೇ ಆಗಿ ಉಳಿಯುತ್ತದೆ. ಜೊತೆಗೆ ನಿಲ್ಲುವವನು ನಮ್ಮ ಮುಂದಾಳುತನವನ್ನು ಒಪ್ಪಿದನೇ, ಕೆಲಸದ ಭಾರ ಹೊತ್ತನೇ ಅನ್ನೋದೇ ಒರೆಗಲ್ಲು. ಹುಟ್ಟು ಅಲ್ಲ.

ಇಷ್ಟೆಲ್ಲ ಹೇಳಿಯೂ ಕೊನೆಯ ಹಾಡಿನ ಜೊತೆ ನಮ್ಮ ಜಗಳ ಉಳಿದೇ ಇದೆ. ಪ್ರಯತ್ನಪಟ್ಟರೆ ಗೆಲ್ಲುತ್ತೀಯ ಅನ್ನುತ್ತದೆ ಅದು. ಪ್ರಯತ್ನಪಡದ ಬಡವ ಎಲ್ಲಿದ್ದಾನೆ? ಹತ್ತಿ ಬಿಡಿಸಿದ ಕೈಗಳು ಇನ್ನೂರು ವರ್ಷಕ್ಕೂ ಮೇಲೆ ಪ್ರಯತ್ನಪಟ್ಟವು, ಗೆದ್ದವನು ತೋಟದ ಒಡೆಯ. ಎರಡೇ ವರ್ಷಕ್ಕೆ ಸ್ಲೈಗೂ ಆ ಭರವಸೆ ಉಳಿಯಲಿಲ್ಲ. 1971ರಲ್ಲಿ ಬಂದ ‘ದೇರ್ ಈಸ್ ಎ ರಯಟ್ ಗೋಯಿಂಗ್ ಆನ್’ ದಣಿದ, ಕತ್ತಲೆಯ ತಟ್ಟೆ. ಮಾದಕ ವಸ್ತು ಅವನನ್ನು ತಿಂದಿತು. ಎರಿಕೊ ಹೋದ, ಗ್ರಹಾಂ ಹೋದ, ತಂಡ ಚೂರಾಯಿತು. ಒಂದು ಸಮಾಜ ಹೊರಬೇಕಾದ ಭಾರವನ್ನು ಏಳು ಜನ ಹಾಡುಗಾರರ ಹೆಗಲಿಗೆ ಹಾಕಿದರೆ ಹೆಗಲು ಮುರಿಯದೆ ಇನ್ನೇನಾದೀತು? ಸ್ಲೈ 2025ರ ಜೂನಿನಲ್ಲಿ, 82ನೆಯ ವಯಸ್ಸಿನಲ್ಲಿ ತೀರಿಕೊಂಡ.

ತಂಡ ಮುರಿದದ್ದರಿಂದ ಹಾಡಿನ ನ್ಯಾಯ ಮುರಿಯುವುದಿಲ್ಲ. ನಮಗೆ ಅದು ಬಿಟ್ಟುಹೋದ ಪಾಠ ಸರದಿಯ ಪಾಠ. ಎದ್ದು ನಿಲ್ಲುವುದು ಮೊದಲು, ಅವಮಾನದ ಹೆಸರನ್ನು ಹಿಂದಕ್ಕೆ ಎಸೆಯುವುದು ಎರಡನೆಯದು, ಕೈ ಹಿಡಿಯುವುದು ಆಮೇಲೆ. ಮೊದಲೆರಡನ್ನು ಹಾರಿಸಿ ಮೂರನೆಯದಕ್ಕೆ ಬನ್ನಿ ಅಂತ ಕರೆಯುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವರನ್ನು ನಾವು ಒಂದೇ ಮಾತು ಕೇಳಬೇಕು: ನೀವು ಎರಡನೆಯ ಹಾಡು ಕೇಳಿದ್ದೀರಾ?