ಗರ್ಭಕೋಶ ತೆಗೆದ ಮೇಲೆ ದಾಂಪತ್ಯ: ಕಲಬುರಗಿ ಸೀಮೆಯ ಒಂದು ಧರ್ಮಪ್ರಶ್ನೆ

ಗರ್ಭಕೋಶ ತೆಗೆಸಿಕೊಂಡ ಹೆಂಗಸಿಗೆ ದಾಂಪತ್ಯಸುಖ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ವೈದ್ಯರು ಒಂದು ಉತ್ತರ ಕೊಡುತ್ತಾರೆ, ಶಾಸ್ತ್ರಗಳು ಹಲವು ಉತ್ತರ ಕೊಡುತ್ತವೆ, ಮನೆಯ ರೂಢಿ ಬಾಯಿಬಿಡುವುದೇ ಇಲ್ಲ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಇದು ಬರೀ ಪಂಡಿತರ ಚರ್ಚೆಯಾಗಿ ಉಳಿದಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೂ ದಲಿತ ಹೆಂಗಸರಿಗೂ ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣ 2015ರಲ್ಲಿ ಬಯಲಿಗೆ ಬಂತು. ಹೊಟ್ಟೆನೋವು, ಬಿಳಿ ಸೆರಗು ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಮೇಜಿನ ಮೇಲೆ ಮಲಗಿಸಲಾಗಿತ್ತು. ಲೆಕ್ಕಕ್ಕೆ ಸಿಕ್ಕವರೇ ಎರಡು ಸಾವಿರಕ್ಕೂ ಹೆಚ್ಚು. ಅವರಲ್ಲಿ ಅನೇಕರಿಗೆ ಇನ್ನೂ 40 ತುಂಬಿರಲಿಲ್ಲ. 2017ರ ಫೆಬ್ರುವರಿಯಲ್ಲಿ ಅವರು ಕಲಬುರಗಿಯ ಬೀದಿಗೆ ಬಂದು ನ್ಯಾಯ ಕೇಳಿದರು. ಪರಿಹಾರದ ಮಾತು, ಆಸ್ಪತ್ರೆಗಳ ಲೈಸೆನ್ಸಿನ ಮಾತು ಆಗ ಬಹಳ ನಡೆಯಿತು. ಅವರ ದಾಂಪತ್ಯ ಏನಾಯಿತು ಎಂಬುದು ಚರ್ಚೆಯ ಅಂಚಿನಲ್ಲೇ ಉಳಿಯಿತು.

ದೇಹದ ಮಟ್ಟಿಗೆ ಉತ್ತರ ಸಾಕಷ್ಟು ಸ್ಪಷ್ಟವಾಗಿದೆ. ಪೂರ್ಣ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶವನ್ನೂ ಅದರ ಕಂಠವನ್ನೂ ತೆಗೆದು ಯೋನಿಯ ಮೇಲ್ತುದಿಯನ್ನು ಹೊಲಿಯುತ್ತಾರೆ. ಆ ಹೊಲಿಗೆ ಮಾಯಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಗಂಡ ಹೆಂಡತಿ ಕೂಡಬಾರದು, ಕೊಡ ಹೊರಬಾರದು. ಹೆಣ್ಣಿನ ಸುಖದ ಮುಖ್ಯ ಅಂಗವಾದ ಭಗಾಂಕುರವನ್ನು ಈ ಶಸ್ತ್ರಚಿಕಿತ್ಸೆ ಮುಟ್ಟುವುದಿಲ್ಲ. ಅಂಡಾಶಯ ಉಳಿಸಿದ್ದರೆ ಹಾರ್ಮೋನುಗಳೂ ಒಸರುತ್ತಲೇ ಇರುತ್ತವೆ, ಮುಟ್ಟು ನಿಲ್ಲುವ ವಯಸ್ಸಿನ ಲಕ್ಷಣಗಳು ಮಾತ್ರ ಕೆಲವರಲ್ಲಿ ತುಸು ಬೇಗ ಬರಬಹುದು. ಎರಡೂ ಅಂಡಾಶಯ ತೆಗೆದರೆ ಸಂಗತಿ ಬೇರೆ. ಮೂವತ್ತರ ಹೆಂಗಸಿಗೆ ಐವತ್ತರ ದೇಹಸ್ಥಿತಿ ಕೆಲವೇ ದಿನಗಳಲ್ಲಿ ಬಂದುಬಿಡುತ್ತದೆ: ಮೈ ಬಿಸಿಯೇರುವುದು, ನಿದ್ದೆಗೇಡು, ಯೋನಿ ಒಣಗಿ ಕೂಡುವಾಗ ಉರಿ, ಬಯಕೆ ಕುಗ್ಗುವುದು, ಮುಂದೆ ಎಲುಬು ಸವೆಯುವುದು. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯಿದೆ. ಜಾರುದ್ರವ, ಈಸ್ಟ್ರೋಜೆನ್ ಮುಲಾಮು, ಕಟಿಸ್ನಾಯುಗಳ ವ್ಯಾಯಾಮ ಯಾವುದೂ ಹೊಸದಲ್ಲ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಎರಡು ವರ್ಷ ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಕೂಡುವಾಗಿನ ನೋವು ಕಡಿಮೆಯಾಗಿ ದಾಂಪತ್ಯಸುಖ ಸುಧಾರಿಸಿದವರೇ ಹೆಚ್ಚು. ಆದರೆ ಈ ಫಲಿತಾಂಶವನ್ನು ಕಲಬುರಗಿಗೆ ಹಾಗೆಯೇ ತಂದು ಅಂಟಿಸಲಾಗದು. ಕಾಡುತ್ತಿದ್ದ ರೋಗ ಹೋಗಿ ನೆಮ್ಮದಿ ಬಂದವಳ ಅನುಭವ ಬೇರೆ, ರೋಗವೇ ಇಲ್ಲದೆ ಅಂಗ ಕಳೆದುಕೊಂಡವಳ ಅನುಭವ ಬೇರೆ.

ಧರ್ಮಶಾಸ್ತ್ರದಲ್ಲಿ ಎರಡು ದನಿಗಳಿವೆ. ಒಂದು ಕ್ಷೇತ್ರ-ಬೀಜದ ವಾದ: ಹೆಣ್ಣು ಹೊಲ, ಗಂಡು ಬೀಜ. ಈ ಲೆಕ್ಕದಲ್ಲಿ ಬೆಳೆ ಬಾರದ ಹೊಲಕ್ಕೆ ಬೆಲೆಯಿಲ್ಲ. ಮಕ್ಕಳಾಗದ ಹೆಂಡತಿಯಿರುವಾಗ ಎಂಟನೆಯ ವರ್ಷ ಇನ್ನೊಬ್ಬಳನ್ನು ತರಬಹುದೆಂದು ಮನುಸ್ಮೃತಿ ಹೇಳುವುದು ಈ ತರ್ಕದಿಂದಲೇ. ಅದೇ ಗ್ರಂಥ ಋತುಕಾಲದ ಕರ್ತವ್ಯವನ್ನು ಹೇಳಿ ಅಷ್ಟಕ್ಕೇ ನಿಲ್ಲಿಸುವುದಿಲ್ಲ, ಪರ್ವದಿನಗಳನ್ನು ಬಿಟ್ಟು ರತಿಯ ಬಯಕೆಯಿಂದಲೂ ಹೆಂಡತಿಯನ್ನು ಕೂಡಬಹುದೆನ್ನುತ್ತದೆ. ಮದುವೆಯ ಪ್ರಯೋಜನ ಧರ್ಮ, ಪ್ರಜೆ, ರತಿ ಎಂದು ಮೂರಾಗಿ ಎಣಿಸುವ ಸಂಪ್ರದಾಯವೂ ಇದೆ. ಪ್ರಜೆ ಇಲ್ಲವಾದರೂ ಉಳಿದೆರಡು ಉಳಿಯುತ್ತವೆ ಎಂಬುದು ಈ ಎಣಿಕೆಯಿಂದ ತಾನಾಗಿ ಬರುವ ತೀರ್ಮಾನ. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲಿ ಭೂಮಿತಾಯಿಯ ಬಯಕೆ ತೀರಿಸುವ ಈ ತೊಗರಿ ನಾಡಿನಲ್ಲಿ ಮಾತ್ರ ಹೊಲದ ವಾದವೇ ಗಟ್ಟಿಯಾಗಿ ಊರಿದೆ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ ಅದಕ್ಕೆ ಭಕ್ತಿಯ ಬೆಂಬಲ ಕೊಟ್ಟಿದೆ. ಅಲ್ಲಿ ನೆಲೆಸಿದ್ದ ಗುರು ನೃಸಿಂಹ ಸರಸ್ವತಿಯವರ ಮಹಿಮೆ ಹೇಳುವ ಮರಾಠಿಯ ‘ಗುರುಚರಿತ್ರೆ’ಯಲ್ಲಿ ಅರವತ್ತರ ಗಂಗೆ ಅಶ್ವತ್ಥ ಪ್ರದಕ್ಷಿಣೆ ಮಾಡಿ, ಮತ್ತೆ ಮುಟ್ಟಾಗಿ ಮಕ್ಕಳನ್ನು ಹಡೆಯುತ್ತಾಳೆ. ಗಾಣಗಾಪುರದ ಭೀಮಾ-ಅಮರ್ಜಾ ಸಂಗಮಕ್ಕೆ ಇಂದಿಗೂ ಸಂತಾನ ಬೇಡಿ ಬರುವವರಿದ್ದಾರೆ. ದೇವರ ಕೃಪೆ ಗರ್ಭಕೋಶದ ದಾರಿಯಿಂದಲೇ ಇಳಿಯಬೇಕು ಎಂಬ ನಂಬಿಕೆಯಿರುವಲ್ಲಿ ಆ ದಾರಿ ಮುಚ್ಚಿದವಳಿಗೆ ಹೇಳಲು ಕಥೆಯೇ ಇಲ್ಲ.

ಶರಣರು ಇನ್ನೊಂದು ಬಾಗಿಲು ತೆರೆದಿದ್ದರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗಧಾರಿಗೆ ಇಲ್ಲವೆಂದರು. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ ಮೈಯ ಗುರುತುಗಳಿಂದ ಹೆಣ್ಣು ಗಂಡು ಎಂದು ಕರೆದರೂ ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲವೆಂದ. ಜೇವರ್ಗಿಯ ಷಣ್ಮುಖಸ್ವಾಮಿ 17ನೇ ಶತಮಾನದಲ್ಲಿ ಅಖಂಡೇಶ್ವರ ಅಂಕಿತದಲ್ಲಿ ಶರಣಸತಿ-ಲಿಂಗಪತಿ ಭಾವದ ವಚನಗಳನ್ನು ಬರೆದರು. ಆ ಭಾವದಲ್ಲಿ ಬಯಕೆ, ವಿರಹ, ಕೂಟ ಎಲ್ಲವೂ ಇವೆ; ಹೆರಿಗೆ ಎಲ್ಲೂ ಬೇಕಾಗಿಲ್ಲ. ಫಲ ಬೇಡದ ಕೂಟವನ್ನೇ ಭಕ್ತಿಯ ತುದಿಯೆಂದು ಒಪ್ಪಿದ ನಾಡು, ಮನೆಯೊಳಗಿನ ಕೂಟಕ್ಕೆ ಮಾತ್ರ ಫಲದ ಲೆಕ್ಕ ಕೇಳುವುದು ವಿಚಿತ್ರ. ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಸುತ್ತಲಿನ ಮುಸ್ಲಿಂ ಮನೆಗಳಿಗೂ ಇದು ಸಲ್ಲುವ ಮಾತು: ಇಸ್ಲಾಮಿನಲ್ಲಿ ದಾಂಪತ್ಯಸುಖ ಹೆಂಡತಿಯ ಹಕ್ಕೂ ಹೌದು, ಮುಟ್ಟಿಲ್ಲದವಳ ಇದ್ದತ್ತಿಗೆ, ಅಂದರೆ ವಿಚ್ಛೇದನದ ನಂತರ ಕಾಯಬೇಕಾದ ಅವಧಿಗೆ, ಕುರಾನು ಮೂರು ತಿಂಗಳೆಂದು ಬೇರೆಯೇ ಲೆಕ್ಕ ಕೊಟ್ಟಿದೆ. ಮುಟ್ಟು ನಿಂತವಳನ್ನು ಮದುವೆಯ ಹೊರಗಿಟ್ಟಿಲ್ಲ.

ರೂಢಿಯ ಇಬ್ಬಂದಿ ಕಾಣುವುದು ಮನೆಯ ಒಳಗೆ. ಸೂತಕವಿಲ್ಲವೆಂದ ಶರಣರ ನಾಡಿನಲ್ಲೇ ಮುಟ್ಟಾದವಳು ಕಡಿಗಿ ಕೂಡುವ ಮನೆಗಳು ಇನ್ನೂ ಇವೆ. ಪೂಜೆ, ಜಾತ್ರೆ, ಕೂಲಿ ಎಲ್ಲಕ್ಕೂ ಮುಟ್ಟು ಅಡ್ಡಿಯೆಂದು ಕೆಲವರು ತಾವೇ ‘ಚೀಲ ತೆಗೀರಿ’ ಎನ್ನುವುದಕ್ಕೂ ಈ ಮೈಲಿಗೆಯ ಭಾರ ಒಂದು ಕಾರಣ. ತೆಗೆಸಿದ ಮೇಲೆ ಆಕೆ ವರ್ಷವಿಡೀ ಮಡಿ. ಯಾವ ದಿನವಾದರೂ ಗುಡಿಯೊಳಗೆ ಹೋಗಬಹುದು. ಗಂಡ ಬದುಕಿರುವುದರಿಂದ ಮುತ್ತೈದೆತನಕ್ಕೂ ಕುಂದಿಲ್ಲ. ಶುಭಕಾರ್ಯದಲ್ಲಿ ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಎಲೆಯಡಿಕೆ, ಕುಬಸದ ಖಣ ಇಟ್ಟು ಆಕೆಗೂ ಉಡಿ ತುಂಬುತ್ತಾರೆ. ರಾತ್ರಿಯ ವಿಷಯ ಬಂದಾಗ ಮಾತ್ರ ‘ಆಕಿದು ಮುಗೀತು’ ಎಂಬ ತೀರ್ಪು. ದೇವರ ಮುಂದೆ ಹೆಚ್ಚು ಶುದ್ಧಳಾದವಳು ಗಂಡನ ಮುಂದೆ ಕಡಿಮೆ ಹೆಂಗಸಾಗುವುದಕ್ಕೆ ಮೇಲೆ ಹೇಳಿದ ಯಾವ ಶಾಸ್ತ್ರದ ಆಧಾರವೂ ಸಾಲದು. ಆಕೆಗೆ ಉರಿಯಿದ್ದರೆ ಅದು ರೋಗ, ಅದಕ್ಕೆ ಚಿಕಿತ್ಸೆಯಿದೆ. ಬಯಕೆಯಿದ್ದರೆ ಅದು ಲಜ್ಜೆಗೇಡಿತನವಾಗದು. ಬಯಕೆ ಇಲ್ಲವಾದರೆ ಬೇಡವೆನ್ನುವ ಹಕ್ಕೂ ಆಕೆಯದೇ.

ಈ ಹಕ್ಕು ಶಸ್ತ್ರಚಿಕಿತ್ಸೆಯ ಮೊದಲೇ ಶುರುವಾಗಬೇಕು. ಅಂಡಾಶಯ ಉಳಿಯುತ್ತದೆಯೋ ಹೋಗುತ್ತದೆಯೋ, ಮುಂದೆ ದಾಂಪತ್ಯದಲ್ಲಿ ಏನು ಬದಲಾಗಬಹುದು, ಬೇರೆ ಔಷಧಿ ಇದೆಯೇ ಎಂದು ತಿಳಿಸದೆ ಪಡೆದ ಹೆಬ್ಬೆಟ್ಟು ಒಪ್ಪಿಗೆಯಾಗದು. ತಪಾಸಣೆಗೆಂದು ಒಪ್ಪಿದ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದದ್ದು ತಪ್ಪೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ತಾಯಿಗೆ ಇಲ್ಲದ ಅಧಿಕಾರವನ್ನು ಗಂಡನಿಗೆ ಕೊಡಲು ಆ ತೀರ್ಪಿನಲ್ಲಿ ಎಡೆಯಿಲ್ಲ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ 2022ರ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಅದೇ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಅದರ ಪ್ರಕಾರ ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ಕಣ್ಣಿಡುವ ಸಮಿತಿ ಜಿಲ್ಲಾ ಮಟ್ಟದಲ್ಲೂ ಇರಬೇಕು.